ಕೊಬ್ಬಿಲ್ಲದವರ ಮೂಳೆ

ಬಡಕಲು ಮಗುವನ್ನು ಕಂಡರೆ ನಮ್ಮ ಜನ ಮೊದಲು ಕೇಳುವುದು ತಾಯಿಯನ್ನು. ಮಗುವಿಗೆ ಹೊಟ್ಟೆಗೆ ಸರಿಯಾಗಿ ಹಾಕುತ್ತೀಯೋ ಇಲ್ಲವೋ ಎಂಬ ಆ ಪ್ರಶ್ನೆಯಲ್ಲಿ ಅರ್ಧ ಕಾಳಜಿ, ಅರ್ಧ ಆರೋಪ. ಕೆನ್ನೆ ಒಳಸೇರಿದೆ, ಚರ್ಮದಡಿಯ ನರಗಳು ಹುರಿಯಂತೆ ಎದ್ದು ಕಾಣುತ್ತವೆ, ಎಷ್ಟು ತಿಂದರೂ ಮಗು ಹಸಿವು ಹಸಿವು ಎಂದು ಅಳುತ್ತದೆ. ಇಂಥ ಮಗುವಿನ ತಾಯಿ ಆ ಪ್ರಶ್ನೆಯಿಂದ ಪಾರಾಗುವುದು ಹೇಗೆ? ಕೋಟಿಗೊಬ್ಬರಿಗೆ ಬರುತ್ತದೆ ಎನ್ನಲಾಗುವ ಒಂದು ಹುಟ್ಟು ಕಾಯಿಲೆ ಇದೆ. ಅದರಲ್ಲಿ ದೇಹಕ್ಕೆ ಕೊಬ್ಬನ್ನು ಕೂಡಿಡುವ ಶಕ್ತಿಯೇ ಇರುವುದಿಲ್ಲ. ಇಂಥ ಮಕ್ಕಳು ಉಪವಾಸ ಬಿದ್ದವರಲ್ಲ ಎಂಬುದಕ್ಕೆ ದೊಡ್ಡ ಸಾಕ್ಷಿ ಅವರ ಮೂಳೆ. ಆದರೆ ಆ ಸಾಕ್ಷಿಯನ್ನು ಪೂರ್ತಿಯಾಗಿ ಓದಲು ವೈದ್ಯಲೋಕಕ್ಕೆ ಅರ್ಧ ಶತಮಾನ ಬೇಕಾಯಿತು. ಅದರ ಚರಿತ್ರೆಯೇ ಈ ಬರಹದ ವಸ್ತು.

ವಾಲ್ಡೆಮಾರ್ ಬೆರಾರ್ಡಿನೆಲ್ಲಿ ಬ್ರೆಜಿಲ್‌ನ ರಿಯೋ ಡಿ ಜನೈರೋದ ವೈದ್ಯ. ಮನುಷ್ಯರ ಮೈಕಟ್ಟನ್ನು ಬಗೆಬಗೆಯಾಗಿ ವಿಂಗಡಿಸಿ, ಆ ಮೈಕಟ್ಟಿಗೂ ಕಾಯಿಲೆಗೂ ಸ್ವಭಾವಕ್ಕೂ ಸಂಬಂಧ ಹುಡುಕುವ 'ಬಯೋಟೈಪಾಲಜಿ' ಎಂಬ ವಿದ್ಯೆಯಲ್ಲಿ ಆತ ಹೆಸರು ಮಾಡಿದವನು. ಕಳೆದ ಶತಮಾನದ ಮೂವತ್ತು ನಲವತ್ತರ ದಶಕಗಳಲ್ಲಿ ಆ ವಿದ್ಯೆಗೆ ಬಹಳ ಮರ್ಯಾದೆಯಿತ್ತು. ಇಂದು ಅದನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. ಜನರನ್ನು ಮೈಯ ಅಳತೆಯಿಂದ ಅಳೆಯುವ ಚಟ ಎಲ್ಲಿಗೆ ಕೊಂಡೊಯ್ಯುತ್ತದೆ ಎಂಬುದನ್ನು ಯುರೋಪು ಅದೇ ದಶಕಗಳಲ್ಲಿ ತೋರಿಸಿಕೊಟ್ಟಿತು. ಆದರೂ ಮೈಕಟ್ಟನ್ನು ನೋಡಿ ನೋಡಿ ಪಳಗಿದ ಅವನ ಕಣ್ಣಿಗೆ ಒಂದು ಸಂಗತಿ ಸಿಕ್ಕಿತು. 1954ರಲ್ಲಿ ಆತ ಇಬ್ಬರು ಮಕ್ಕಳ ಬಗ್ಗೆ ಒಂದು ಲೇಖನ ಬರೆದ. ಮಕ್ಕಳ ಚರ್ಮದಡಿ ಕೊಬ್ಬೇ ಇರಲಿಲ್ಲ. ಆದರೆ ಯಕೃತ್ತು ಊದಿತ್ತು, ಅದರಲ್ಲಿ ಕೊಬ್ಬು ತುಂಬಿತ್ತು, ರಕ್ತದಲ್ಲೂ ಕೊಬ್ಬಿನ ಅಂಶ ವಿಪರೀತ. ಕೈಕಾಲು ದವಡೆಗಳು ವಯಸ್ಸಿಗೆ ಮೀರಿ ಬೆಳೆದಿದ್ದವು. ಕಾಯಿಲೆಗೆ ಹೆಸರಿಡುವ ಆತುರವನ್ನು ಆತ ತೋರಲಿಲ್ಲ. ಇದುವರೆಗೆ ಗುರುತಿಸದ ಒಂದು ಲಕ್ಷಣಕೂಟ ಎಂದಷ್ಟೇ ತಲೆಬರಹ ಕೊಟ್ಟ.

ಐದು ವರ್ಷಗಳ ನಂತರ, 1959ರಲ್ಲಿ, ಭೂಮಿಯ ಇನ್ನೊಂದು ತುದಿಯಾದ ನಾರ್ವೆಯಲ್ಲಿ ಮಕ್ಕಳ ವೈದ್ಯ ಮಾರ್ಟಿನ್ ಸೈಪ್ ಇದೇ ಬಗೆಯ ಮೂರು ಮಕ್ಕಳ ವಿವರ ಪ್ರಕಟಿಸಿದ. ಅವನ ಲೇಖನದ ತಲೆಬರಹದಲ್ಲಿ ಎರಡು ಸಂಗತಿಗಳು ಒಟ್ಟಿಗೆ ಇದ್ದವು. ಒಂದು ಕೊಬ್ಬಿನ ನಾಶ, ಇನ್ನೊಂದು ದೈತ್ಯ ಬೆಳವಣಿಗೆ. ಕೊನೆಗೆ ಒಂದು ಪ್ರಶ್ನಾರ್ಥಕ ಚಿಹ್ನೆ. ಮೆದುಳಿನ ತಳದಲ್ಲಿರುವ ಹೈಪೊಥಲಾಮಸ್ ಭಾಗ ಕೆಟ್ಟು, ಅಲ್ಲಿಂದ ಹೊರಡುವ ಯಾವುದೋ ಆಜ್ಞೆ ಕೊಬ್ಬನ್ನೆಲ್ಲ ಕರಗಿಸುತ್ತಿರಬಹುದೆ ಎಂಬುದು ಅವನ ಅನುಮಾನ. ಈ ಪ್ರಶ್ನಾರ್ಥಕ ಚಿಹ್ನೆಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದೆ ಅದರ ಬಳಿಗೆ ಬರಬೇಕಾಗಿದೆ. ಇಬ್ಬರು ವೈದ್ಯರ ಹೆಸರೂ ಸೇರಿ ಕಾಯಿಲೆಗೆ 'ಬೆರಾರ್ಡಿನೆಲ್ಲಿ-ಸೈಪ್ ಸಿಂಡ್ರೋಮ್' ಎಂದಾಯಿತು. ಹುಟ್ಟಿನಿಂದ ಬರುವ ಸರ್ವಾಂಗ ಲೈಪೋಡಿಸ್ಟ್ರೊಫಿ ಎಂಬುದು ಅದರ ಶಾಸ್ತ್ರೀಯ ಹೆಸರು. ಇವರಿಬ್ಬರಿಗಿಂತ ಮೊದಲೇ, 1946ರಲ್ಲಿ, ಲಂಡನ್ನಿನ ಆರ್. ಡಿ. ಲಾರೆನ್ಸ್ ಮೈಕೊಬ್ಬನ್ನೆಲ್ಲ ಕಳೆದುಕೊಂಡು ಕಡು ಸಕ್ಕರೆ ಕಾಯಿಲೆಗೆ ಸಿಕ್ಕಿದ ಒಬ್ಬ ಹೆಂಗಸಿನ ಬಗ್ಗೆ ಬರೆದಿದ್ದ. ಲಾರೆನ್ಸ್ ಸ್ವತಃ ಮಧುಮೇಹಿ. ಕಾದಂಬರಿಕಾರ ಎಚ್. ಜಿ. ವೆಲ್ಸ್ ಜೊತೆ ಸೇರಿ 1934ರಲ್ಲಿ ಇಂಗ್ಲೆಂಡಿನ ಮಧುಮೇಹಿಗಳ ಸಂಘ ಕಟ್ಟಿದವನು. ಆದರೆ ಆ ಹೆಂಗಸಿನದು ಹುಟ್ಟಿನ ಕಾಯಿಲೆಯಲ್ಲ, ನಡುವೆ ಬಂದದ್ದು.

ಈಗ ಮೂಳೆಗೆ ಬರೋಣ. ಮಗುವಿನ ಅಂಗೈ ಮತ್ತು ಮಣಿಕಟ್ಟಿನ ಎಕ್ಸ್‌ರೇ ನೋಡಿ ಅದರ ಮೂಳೆಗೆ ಎಷ್ಟು ವಯಸ್ಸಾಗಿದೆ ಎಂದು ಹೇಳಬಹುದು. ಹುಟ್ಟಿದಾಗ ಮಣಿಕಟ್ಟಿನ ಸಣ್ಣ ಮೂಳೆಗಳು ಎಕ್ಸ್‌ರೇಯಲ್ಲಿ ಕಾಣುವುದೇ ಇಲ್ಲ, ಅಲ್ಲಿ ಮೃದ್ವಸ್ಥಿ ಮಾತ್ರ. ವರ್ಷ ಕಳೆದಂತೆ ಒಂದೊಂದಾಗಿ ಚುಕ್ಕಿ ಮೂಡುತ್ತವೆ. ಬೆರಳಿನ ಮೂಳೆಗಳ ತುದಿಯ ಬಿಲ್ಲೆಗಳು ಬೆಳೆದು ಕೊನೆಗೆ ಬೆಸೆದುಕೊಳ್ಳುತ್ತವೆ. ಅಮೆರಿಕದ ಕ್ಲೀವ್‌ಲ್ಯಾಂಡಿನ ಮಕ್ಕಳ ಚಿತ್ರಗಳನ್ನು ಆಧರಿಸಿ ಗ್ರೂಲಿಚ್ ಮತ್ತು ಪೈಲ್ ಎಂಬಿಬ್ಬರು 1950ರಲ್ಲಿ ಇದಕ್ಕೊಂದು ಚಿತ್ರಸಂಪುಟ ಹೊರತಂದರು. ಇಂದಿಗೂ ಆಸ್ಪತ್ರೆಗಳಲ್ಲಿ ಅದನ್ನೇ ಬಿಡಿಸಿ ನೋಡುತ್ತಾರೆ. ಊಟವಿಲ್ಲದೆ ಸೊರಗಿದ ಮಗುವಿನ ಮೂಳೆ ವಯಸ್ಸಿಗಿಂತ ಹಿಂದೆ ಉಳಿದಿರುತ್ತದೆ. ದೇಹ ಇದ್ದುದರಲ್ಲಿ ಉಳಿತಾಯ ಮಾಡುವಾಗ ಮೊದಲು ಕೈಬಿಡುವುದು ಬೆಳವಣಿಗೆಯನ್ನು. ಆದರೆ ಬೆರಾರ್ಡಿನೆಲ್ಲಿ-ಸೈಪ್ ಮಕ್ಕಳಲ್ಲಿ ಮೂಳೆ ವಯಸ್ಸಿಗಿಂತ ಮುಂದೆ ಓಡಿರುತ್ತದೆ. ಮಗು ಓರಗೆಯವರಿಗಿಂತ ಎತ್ತರ, ಕೈಕಾಲು ದೊಡ್ಡವು, ಮೂಳೆ ಅದಕ್ಕಿಂತಲೂ ಹಿರಿಯದು. ಬೇಗ ಓಡಿದ್ದು ಬೇಗ ನಿಲ್ಲುತ್ತದೆ. ಆದ್ದರಿಂದ ದೊಡ್ಡವರಾದ ಮೇಲೆ ಇವರ ಎತ್ತರ ಸಾಧಾರಣವೇ ಇರುತ್ತದೆ. ಬೆಳವಣಿಗೆಯ ಹಾರ್ಮೋನು ಇವರಲ್ಲಿ ಹೆಚ್ಚಿರುವುದಿಲ್ಲ. ರಕ್ತದಲ್ಲಿ ತುಂಬಿ ತುಳುಕುವ ಇನ್ಸುಲಿನ್ನೇ ಆ ಕೆಲಸ ಮಾಡುತ್ತಿರಬಹುದು ಎಂಬುದು ಒಂದು ವಿವರಣೆ. ಅಂತೂ ಕಣ್ಣಿಗೆ ಒಂದೇ ರೀತಿ ಕಾಣುವ ಎರಡು ಬಡಕಲು ಮೈಗಳು ಅಂಗೈಯ ಒಂದು ಎಕ್ಸ್‌ರೇಯಲ್ಲಿ ಬೇರೆ ಬೇರೆ ದಿಕ್ಕಿಗೆ ಮುಖ ಮಾಡಿ ನಿಲ್ಲುತ್ತವೆ. ತಾಯಿ ಅನ್ನ ಹಾಕಲಿಲ್ಲ ಎಂಬ ಮಾತು ಅಲ್ಲಿಗೆ ಬಿದ್ದುಹೋಗುತ್ತದೆ.

ಆದರೆ ಇದು ಮೂಳೆಯ ಹೊರಗಿನ ಲೆಕ್ಕ. ಒಳಗಿನದು ಮಜ್ಜೆಯ ಕಥೆ. ಬಕ್ರೀದಿನ ದಿನ ನಮ್ಮ ಮನೆಗಳಲ್ಲಿ ನಲ್ಲಿ ಮೂಳೆಗಾಗಿ ಮಕ್ಕಳು ಕಿತ್ತಾಡುವುದನ್ನು ಕಂಡವರಿಗೆ ಮಜ್ಜೆಯ ಪರಿಚಯ ಹೇಳಿಕೊಡಬೇಕಾಗಿಲ್ಲ. ತಟ್ಟೆಗೆ ಕುಟ್ಟಿ ಕುಟ್ಟಿ ಹೀರುವ ಆ ಹಳದಿ ಜಿಡ್ಡು, ಉರ್ದುವಿನ 'ಗೂದಾ', ಬಹುಮಟ್ಟಿಗೆ ಕೊಬ್ಬೇ. ಅರಬಿಯಲ್ಲಿ ಮಜ್ಜೆಗೂ ಮೆದುಳಿಗೂ 'ಮುಖ್ಖ್' ಎಂಬ ಒಂದೇ ಪದ ಸಲ್ಲುತ್ತದೆ. ಗಟ್ಟಿ ಚಿಪ್ಪಿನೊಳಗೆ ಅಡಗಿದ ಸಾರವೇ ಅದು ಎಂಬ ಭಾವ. ಗ್ಯಾಲೆನ್‌ನಿಂದ ಬಂದ ಯುನಾನಿ ಪರಂಪರೆಯಲ್ಲಿ ಮಜ್ಜೆಯೆಂದರೆ ಮೂಳೆಯ ಆಹಾರ. ಆಯುರ್ವೇದದ ಸಪ್ತಧಾತುಗಳ ಸಾಲಿನಲ್ಲಿ ಮೇದಸ್ಸಿನ ನಂತರ ಅಸ್ಥಿ, ಅಸ್ಥಿಯ ನಂತರ ಮಜ್ಜೆ, ಒಂದರಿಂದ ಇನ್ನೊಂದರ ಹುಟ್ಟು. ಕೊಬ್ಬಿಗೂ ಮೂಳೆಗೂ ಏನೋ ನಂಟಿದೆ ಎಂದು ಹಳಬರಿಗೆ ತೋಚಿತ್ತು. ಹಾಗೆಂದು ಎಲ್ಲವೂ ನಮ್ಮವರಿಗೆ ಮೊದಲೇ ಗೊತ್ತಿತ್ತು ಎಂದು ಎದೆ ತಟ್ಟಿಕೊಳ್ಳುವ ಈಗಿನ ಗೀಳಿಗೆ ನಾನು ಸೊಪ್ಪು ಹಾಕಲಾರೆ. ತೋಚುವುದು ಬೇರೆ, ತೋರಿಸುವುದು ಬೇರೆ. ತೋರಿಸಿದವನು ಕೋನಿಗ್ಸ್‌ಬರ್ಗ್‌ನ ಅರ್ನ್ಸ್ಟ್ ನ್ಯೂಮನ್. 1868ರಲ್ಲಿ ಆತ ರಕ್ತಕಣಗಳು ಹುಟ್ಟುವುದು ಮೂಳೆಯ ಕೆಂಪು ಮಜ್ಜೆಯಲ್ಲಿ ಎಂದು ಸಾರಿದ. 1882ರಲ್ಲಿ ಇನ್ನೊಂದು ನಿಯಮ ಹೇಳಿದ. ಹುಟ್ಟಿದಾಗ ಎಲ್ಲ ಮೂಳೆಯಲ್ಲೂ ಕೆಂಪು ಮಜ್ಜೆಯೇ ಇರುತ್ತದೆ. ವಯಸ್ಸು ಏರಿದಂತೆ ಕೈಕಾಲುಗಳ ತುದಿಯಿಂದ ಮೊದಲಾಗಿ ಅದು ಹಿಮ್ಮೆಟ್ಟುತ್ತದೆ, ಆ ಜಾಗಕ್ಕೆ ಹಳದಿ ಕೊಬ್ಬಿನ ಮಜ್ಜೆ ಬಂದು ಕೂರುತ್ತದೆ. ಪ್ರಾಯಕ್ಕೆ ಬರುವ ಹೊತ್ತಿಗೆ ಕೆಂಪು ಮಜ್ಜೆ ಹೆಚ್ಚಾಗಿ ಉಳಿಯುವುದು ಬೆನ್ನೆಲುಬು, ಪಕ್ಕೆಲುಬು, ಸೊಂಟ, ತಲೆಬುರುಡೆ ಇಂಥ ನಡುಮೈಯ ಮೂಳೆಗಳಲ್ಲಿ.

ಹಾಗಾದರೆ ದೇಹದಲ್ಲಿ ಕೊಬ್ಬೇ ಇಲ್ಲದಿದ್ದರೆ ಆ ಖಾಲಿ ಜಾಗಕ್ಕೆ ಬಂದು ಕೂರುವುದು ಏನು?

ಈ ಪ್ರಶ್ನೆಗೆ ಉತ್ತರದ ಮೊದಲ ಸುಳಿವು 1968ರಲ್ಲಿ ಸಿಕ್ಕಿತು. ಅಮೆರಿಕದ ಜಾನ್ ಬ್ರುನ್‌ಜೆಲ್ ಮತ್ತು ಸಂಗಡಿಗರು ಹುಟ್ಟಿನಿಂದ ಕೊಬ್ಬಿಲ್ಲದವರ ಮೂಳೆಗಳಲ್ಲಿ ಗುಳಿಗಳನ್ನು ಕಂಡರು. ಎಕ್ಸ್‌ರೇಯಲ್ಲಿ ಗೆದ್ದಲು ತಿಂದ ಮರದಂತೆ ಅಲ್ಲಲ್ಲಿ ಪೊಳ್ಳು. ರಕ್ತನಾಳಗಳು ಹೆಣೆದುಕೊಂಡ ನೀರ್ಗುಳ್ಳೆಗಳು ಎಂದು ಅವರು ಬರೆದರು. ಇದು ಬೇರೆಯದೇ ಕಾಯಿಲೆಯಿರಬೇಕೆಂದು ಸ್ವಲ್ಪ ಕಾಲ 'ಬ್ರುನ್‌ಜೆಲ್ ಸಿಂಡ್ರೋಮ್' ಎಂಬ ಪ್ರತ್ಯೇಕ ಹೆಸರೂ ಚಾಲ್ತಿಯಲ್ಲಿತ್ತು. ಗುಳಿಗಳು ಕಾಣಿಸಿಕೊಳ್ಳುವುದು ಹೆಚ್ಚಾಗಿ ಹರೆಯದಲ್ಲಿ. ಕೈಕಾಲಿನ ಉದ್ದ ಮೂಳೆಗಳ ತುದಿಗಳಲ್ಲಿ, ಮಣಿಕಟ್ಟು ಪಾದಗಳ ಸಣ್ಣ ಮೂಳೆಗಳಲ್ಲಿ ಅವು ಇರುತ್ತವೆ. ಬೆನ್ನೆಲುಬಿನ ಕಡೆಗೆ ಬರುವುದಿಲ್ಲ. ಹೆಚ್ಚಿನವರಿಗೆ ನೋವೂ ಇರುವುದಿಲ್ಲ, ಬೇರೆ ಯಾವುದಕ್ಕೋ ಎಕ್ಸ್‌ರೇ ತೆಗೆಸಿದಾಗ ಕಣ್ಣಿಗೆ ಬೀಳುತ್ತವೆ. ಕಂಡ ವೈದ್ಯರಿಗೆ ಇದು ಕ್ಯಾನ್ಸರ್ ಹರಡಿದ್ದಿರಬಹುದೇ ಎಂಬ ದಿಗಿಲು.

ಎಕ್ಸ್‌ರೇಗೆ ಮೂಳೆಯ ಸುಣ್ಣ ಕಾಣುತ್ತದೆಯೇ ಹೊರತು ಮಜ್ಜೆ ಕಾಣುವುದಿಲ್ಲ. ಎಂಆರ್‌ಐ ಬಂದ ಮೇಲೆ ಮಜ್ಜೆಯೂ ಕಣ್ಣಿಗೆ ಬಿತ್ತು. ಸಾಮಾನ್ಯ ಮನುಷ್ಯನ ತೊಡೆಮೂಳೆಯನ್ನು ಎಂಆರ್‌ಐಯಲ್ಲಿ ನೋಡಿದರೆ ಒಳಗಿನ ಕೊಬ್ಬು ಹಾಲಿನಂತೆ ಬೆಳ್ಳಗೆ ಹೊಳೆಯುತ್ತದೆ. 1992ರಲ್ಲಿ ಟೆಕ್ಸಾಸ್‌ನ ಡಲ್ಲಾಸ್ ನಗರದ ವೈದ್ಯರು ಈ ರೋಗಿಗಳ ಇಡೀ ಅಸ್ಥಿಪಂಜರವನ್ನು ಎಕ್ಸ್‌ರೇ, ಎಂಆರ್‌ಐ, ವಿಕಿರಣ ಸ್ಕ್ಯಾನ್ ಮೂರರಿಂದಲೂ ಪರಿಶೀಲಿಸಿದರು. ತಂಡದಲ್ಲಿ ಭಾರತ ಮೂಲದ ಅಭಿಮನ್ಯು ಗರ್ಗ್ ಇದ್ದರು. ಮುಂದೆ ಈ ಕಾಯಿಲೆಯ ಬಗ್ಗೆ ಅವರಷ್ಟು ಕೆಲಸ ಮಾಡಿದವರು ವಿರಳ. ಮೂಳೆಗಳ ಒಳಗೆ ಆ ಬೆಳ್ಳನೆಯ ಹೊಳಪು ಇರಲೇ ಇಲ್ಲ. ಚರ್ಮದಡಿ ಇಲ್ಲದ ಕೊಬ್ಬು ಮಜ್ಜೆಯಲ್ಲೂ ಇರಲಿಲ್ಲ. ಗುಳಿಗಳು ಬೀಳುವ ಜಾಗವೂ ಕಾಲವೂ ನ್ಯೂಮನ್ನನ ನಿಯಮಕ್ಕೆ ಕನ್ನಡಿ ಹಿಡಿದಂತಿದ್ದವು. ಎಲ್ಲಿ ಕೆಂಪು ಮಜ್ಜೆ ಜಾಗ ಬಿಟ್ಟುಕೊಟ್ಟು ಹಳದಿ ಮಜ್ಜೆ ಬರಬೇಕಿತ್ತೋ ಅಲ್ಲೇ, ಅದು ಬರಬೇಕಾದ ಹರೆಯದಲ್ಲೇ, ಪೊಳ್ಳು. ಬರಬೇಕಾದ ಒಕ್ಕಲು ಬಾರದೆ ಪಾಳುಬಿದ್ದ ಮನೆಯಂತೆ ಎಂದು ಕಥೆ ಬರೆಯುವವನಾದ ನನಗೆ ಅನ್ನಿಸುತ್ತದೆ. ವಿಜ್ಞಾನಿಗಳು ಇಷ್ಟು ಸಲೀಸಾಗಿ ಹೇಳುವುದಿಲ್ಲ. ಇದು ಹೆಚ್ಚು ಒಪ್ಪುವ ವಿವರಣೆ ಎನ್ನುತ್ತಾರೆ.

ಹಸಿವಿನಿಂದ ಸೊರಗಿದವರ ಮಜ್ಜೆ ಹೇಗಿರುತ್ತದೆ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಊಟ ಬಿಟ್ಟು ಬಿಟ್ಟು ಒಣಗುವ 'ಅನೊರೆಕ್ಸಿಯಾ' ಎಂಬ ಮನೋರೋಗದ ಹೆಣ್ಣುಮಕ್ಕಳನ್ನು ಪರೀಕ್ಷಿಸಿದಾಗ ಯಾರೂ ನಿರೀಕ್ಷಿಸದ ಸಂಗತಿ ತಿಳಿಯಿತು. ಅವರ ಚರ್ಮದಡಿಯ ಕೊಬ್ಬು ಕರಗಿಹೋಗಿದ್ದರೂ ಮಜ್ಜೆಯೊಳಗಿನ ಕೊಬ್ಬು ಹೆಚ್ಚಿರುತ್ತದೆ. ಮೂಳೆ ಮಾತ್ರ ತೆಳುವಾಗಿ ಟೊಳ್ಳಾಗಿರುತ್ತದೆ. ಹಸಿವು ಇನ್ನೂ ವಿಪರೀತಕ್ಕೆ ಹೋದರೆ ಮಜ್ಜೆಯ ಕೊಬ್ಬೂ ಕರಗಿ ಲೋಳೆಯಾಗುತ್ತದೆ, ಅದು ಬೇರೆ ಮಾತು. ಬೆರಾರ್ಡಿನೆಲ್ಲಿ-ಸೈಪ್ ರೋಗಿಗಳಲ್ಲಿ ಇದಕ್ಕೆ ತದ್ವಿರುದ್ಧ. ಮಜ್ಜೆಯಲ್ಲಿ ಕೊಬ್ಬಿಲ್ಲ, ಗುಳಿ ಬಿದ್ದ ಜಾಗಗಳನ್ನು ಬಿಟ್ಟರೆ ಮೂಳೆ ಸಾಮಾನ್ಯಕ್ಕಿಂತ ದಟ್ಟವಾಗಿರುತ್ತದೆ. ಬ್ರೆಜಿಲ್‌ನ ರೋಗಿಗಳ ಮೂಳೆಯ ಸಾಂದ್ರತೆ ಅಳೆದವರು ಇದನ್ನು ಖಚಿತಪಡಿಸಿದ್ದಾರೆ.

ಬರಗಾಲದ ಮೂಳೆಯ ಮಾತು ಬಂದಾಗ ಅಬ್ದುಲ್ ಲತೀಫ್ ಅಲ್ ಬಗ್ದಾದಿಯನ್ನು ಬಿಟ್ಟು ಮುಂದೆ ಹೋಗಲಾಗದು. 1200ರಿಂದ 1202ರವರೆಗೆ ಈಜಿಪ್ತಿನಲ್ಲಿ ನೈಲ್ ನದಿ ಉಕ್ಕದೆ ಭೀಕರ ಬರ ಬಿತ್ತು. ಕೈರೋ ಬಳಿಯ ಅಲ್ ಮಕ್ಸ್ ಎಂಬಲ್ಲಿ ಸತ್ತವರ ಎಲುಬುಗಳು ದಿಬ್ಬವಾಗಿ ಬಿದ್ದಿದ್ದವು. ಬಗ್ದಾದಿನಿಂದ ಬಂದಿದ್ದ ಈ ಹಕೀಮ ಅಲ್ಲಿಗೆ ಹೋಗಿ ಎರಡು ಸಾವಿರಕ್ಕೂ ಹೆಚ್ಚು ತಲೆಬುರುಡೆಗಳನ್ನು ಕೈಯಲ್ಲಿ ಹಿಡಿದು ನೋಡಿದ. ಕೆಳದವಡೆ ಎರಡು ಮೂಳೆಗಳ ಜೋಡಣೆ ಎಂದು ಗ್ಯಾಲೆನ್ ಬರೆದಿದ್ದ, ಸಾವಿರ ವರ್ಷ ಎಲ್ಲರೂ ಅದನ್ನೇ ಓದಿದ್ದರು. ಅದು ಒಂದೇ ಮೂಳೆ, ಬೆಸುಗೆಯೇ ಇಲ್ಲ ಎಂದು ಅಬ್ದುಲ್ ಲತೀಫ್ ಬರೆದ. ಗ್ಯಾಲೆನ್ ಎಷ್ಟೇ ದೊಡ್ಡವನಾದರೂ ಕಣ್ಣಿನ ಸಾಕ್ಷಿಗೆ ಹೆಚ್ಚು ಬೆಲೆ ಎಂಬುದು ಅವನ ನಿಲುವು. ಅವನ ಕೈಗೆ ಸಿಕ್ಕ ಎಲುಬುಗಳೆಲ್ಲ ಹಸಿವಿನಿಂದ ಸತ್ತ ಬಡವರವು ಎಂಬುದನ್ನು ನೆನೆದರೆ ಆ ಜ್ಞಾನಕ್ಕೆ ತೆತ್ತ ಬೆಲೆ ಎದೆಗೆ ತಟ್ಟುತ್ತದೆ.

ದಟ್ಟವಾದ ಮೂಳೆ ಎಂದಾಗ ಒಳ್ಳೆಯದೇ ಅಲ್ಲವೆ ಎನ್ನಿಸಬಹುದು. ಈ ಕಾಯಿಲೆಯ ದೊಡ್ಡ ವಂಚನೆಯೇ ಅದು. ಚರ್ಮದಡಿ ಕೊಬ್ಬಿಲ್ಲದ್ದರಿಂದ ಮಾಂಸಖಂಡಗಳು ಕೆತ್ತಿದಂತೆ ಕಾಣುತ್ತವೆ. ಗಂಡುಹುಡುಗನಾದರೆ ಪೈಲ್ವಾನನಂತಿದ್ದಾನೆ ಎಂದು ಬೆನ್ನು ತಟ್ಟುವವರಿದ್ದಾರೆ. ಹೆಣ್ಣಾದರೆ ಗಂಡುಬೀರಿಯ ಮೈ ಎಂದು ಮೂಗು ಮುರಿಯುತ್ತಾರೆ, ಮದುವೆಯ ಮಾತು ಕಷ್ಟವಾಗುತ್ತದೆ. ಒಳಗೆ ನೋಡಿದರೆ ಪಿತ್ತಜನಕಾಂಗ ಕೊಬ್ಬಿನಿಂದ ಬಿರಿಯುತ್ತಿದೆ, ಹರೆಯ ಕಾಲಿಡುವ ಹೊತ್ತಿಗೆ ಇನ್ಸುಲಿನ್ನಿಗೆ ಬಗ್ಗದ ಸಕ್ಕರೆ ಕಾಯಿಲೆ ಬಂದಿದೆ. ಕೂಡಿಡಬೇಕಾದ ಉಗ್ರಾಣವಿಲ್ಲದ ಕೊಬ್ಬು ಸಿಕ್ಕಸಿಕ್ಕ ಕೋಣೆಗೆ ನುಗ್ಗಿದೆ. ನಾವು ಶಾಪ ಹಾಕುವ ಚರಬಿ ವಾಸ್ತವದಲ್ಲಿ ಒಂದು ಅಂಗ, ಯಕೃತ್ತು ಮೂತ್ರಪಿಂಡಗಳಂತೆ ತನ್ನದೇ ಕೆಲಸವಿರುವ ಅಂಗ ಎಂಬುದನ್ನು ಅದು ಇಲ್ಲದವರಿಂದಲೇ ಕಲಿಯಬೇಕಾಯಿತು.

ಆ ಅಂಗ ಮಾತಾಡುತ್ತದೆ ಎಂದು ತಿಳಿದದ್ದು 1994ರಲ್ಲಿ. ನ್ಯೂಯಾರ್ಕಿನ ರಾಕ್‌ಫೆಲ್ಲರ್ ವಿಶ್ವವಿದ್ಯಾಲಯದ ಜೆಫ್ರಿ ಫ್ರೀಡ್‌ಮನ್ ತಂಡ ಕೊಬ್ಬಿನ ಕೋಶಗಳು ಸ್ರವಿಸುವ ಲೆಪ್ಟಿನ್ ಎಂಬ ಹಾರ್ಮೋನನ್ನು ಕಂಡುಹಿಡಿಯಿತು. ಅದು ರಕ್ತದಲ್ಲಿ ಹರಿದು ಮೆದುಳಿನ ಹೈಪೊಥಲಾಮಸ್‌ಗೆ ಹೋಗಿ, ದಾಸ್ತಾನು ಸಾಕಷ್ಟಿದೆ, ತಿನ್ನುವುದು ನಿಲ್ಲಿಸು ಎಂದು ಹೇಳುತ್ತದೆ. ಕೊಬ್ಬಿಲ್ಲದ ಮಗುವಿನ ಮೆದುಳಿಗೆ ಈ ಮಾತು ತಲುಪುವುದೇ ಇಲ್ಲ. ಅದರ ಲೆಕ್ಕದಲ್ಲಿ ದೇಹ ಸದಾ ಬರಗಾಲದಲ್ಲಿದೆ. ಮಗುವಿನ ತೀರದ ಹಸಿವಿಗೆ ಇದೇ ಕಾರಣ. ಮಾರ್ಟಿನ್ ಸೈಪ್‌ನ ಪ್ರಶ್ನಾರ್ಥಕ ಚಿಹ್ನೆಗೆ ಉತ್ತರ ಇಲ್ಲಿದೆ. ಹೈಪೊಥಲಾಮಸ್‌ಗೂ ಕೊಬ್ಬಿಗೂ ನಡುವೆ ಏನೋ ಕೆಟ್ಟಿದೆ ಎಂದು ಅವನು ಊಹಿಸಿದ್ದು ನಿಜವಾಯಿತು, ದಾರಿಯ ದಿಕ್ಕು ಮಾತ್ರ ತಿರುಗುಮುರುಗು. ಮೆದುಳಿನಿಂದ ಕೊಬ್ಬಿಗೆ ಆಜ್ಞೆ ಹೋಗಿ ಕೆಟ್ಟದ್ದಲ್ಲ, ಕೊಬ್ಬಿನಿಂದ ಮೆದುಳಿಗೆ ಹೋಗಬೇಕಾದ ಸಂದೇಶವೇ ಇರಲಿಲ್ಲ.

ಈ ಸಂದೇಶಕ್ಕೂ ಮೂಳೆಗೂ ಸಂಬಂಧವಿದೆಯೆ? 2000ದಲ್ಲಿ ಪೆಟ್ರೀಷಿಯಾ ಡ್ಯೂಸಿ, ಜೆರಾರ್ಡ್ ಕಾರ್ಸೆಂಟಿ ಮೊದಲಾದವರು ಲೆಪ್ಟಿನ್ ಇಲ್ಲದ ಇಲಿಗಳಲ್ಲಿ ಮೂಳೆ ಹೆಚ್ಚು ದಪ್ಪವಿರುವುದನ್ನು ತೋರಿಸಿದರು. ಬೊಜ್ಜಿನ ಇಲಿ, ಕೊಬ್ಬೇ ಇಲ್ಲದಂತೆ ಮಾಡಿದ ಇಲಿ, ಎರಡರಲ್ಲೂ ಅದೇ ಫಲ. ಎರಡಕ್ಕೂ ಸಮಾನವಾದದ್ದು ಲೆಪ್ಟಿನ್ ಇಲ್ಲದಿರುವುದು. ಲೆಪ್ಟಿನ್ ಮೆದುಳಿನ ಮೂಲಕ ಮೂಳೆ ಕಟ್ಟುವ ಕೆಲಸಕ್ಕೆ ಕಡಿವಾಣ ಹಾಕುತ್ತದೆ ಎಂಬುದು ಅವರ ತೀರ್ಮಾನ. ಮನುಷ್ಯರಲ್ಲಿ ವಿಷಯ ಇಷ್ಟು ಸರಳವಾಗಿ ನಿಲ್ಲಲಿಲ್ಲ. 2002ರಲ್ಲಿ ಇಬ್ಬರು ರೋಗಿಗಳಿಗೆ ಲೆಪ್ಟಿನ್ ಕೊಟ್ಟು ನೋಡಿದಾಗ ಮೂಳೆಯಲ್ಲಿ ಹೇಳಿಕೊಳ್ಳುವ ಬದಲಾವಣೆ ಕಾಣಲಿಲ್ಲ. ಇನ್ನೊಂದು ವಿವರಣೆ ಮಜ್ಜೆಯೊಳಗೇ ಇದೆ. ಕೊಬ್ಬಿನ ಕೋಶ ಮತ್ತು ಮೂಳೆ ಕಟ್ಟುವ ಕೋಶ ಎರಡೂ ಒಂದೇ ತಾಯಿಕೋಶದ ಮಕ್ಕಳು. ಒಂದರ ದಾರಿ ಮುಚ್ಚಿದರೆ ಇನ್ನೊಂದರ ಪಾಲು ಹೆಚ್ಚಬಹುದು. 2020ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ ಬೆಳೆದ ಇಲಿಗಳ ಕೊಬ್ಬಿನ ಕೋಶಗಳನ್ನು ನಾಶಮಾಡಿದಾಗ ಮೂಳೆ ಭಾರಿ ಪ್ರಮಾಣದಲ್ಲಿ ಬೆಳೆಯಿತು. ಅದಕ್ಕೆ ಲೆಪ್ಟಿನ್ ಕೊರತೆಯೇ ಕಾರಣ ಎನ್ನುವಂತಿರಲಿಲ್ಲ. ಈ ವಾದ ಇನ್ನೂ ಮುಗಿದಿಲ್ಲ.

ಅಷ್ಟರಲ್ಲಿ ಕಾಯಿಲೆಯ ವಂಶವಾಹಿಗಳು ಬೆಳಕಿಗೆ ಬಂದಿದ್ದವು. 2001ರಲ್ಲಿ ಲೆಬನಾನ್ ಮತ್ತು ನಾರ್ವೆಯ ಕುಟುಂಬಗಳ ಅಧ್ಯಯನದಿಂದ ಹನ್ನೊಂದನೆಯ ವರ್ಣತಂತುವಿನಲ್ಲಿ ಒಂದು ವಂಶವಾಹಿ ಸಿಕ್ಕಿತು. ಅದು ತಯಾರಿಸುವ ಪ್ರೋಟೀನಿಗೆ ಸೈಪ್ ನೆನಪಿನಲ್ಲಿ 'ಸೈಪಿನ್' ಎಂದು ಹೆಸರಿಟ್ಟರು. ಕೋಶದೊಳಗೆ ಕೊಬ್ಬಿನ ಹನಿ ಕಟ್ಟುವುದಕ್ಕೆ ಅದು ಬೇಕು. 2002ರಲ್ಲಿ ಗರ್ಗ್ ತಂಡ ಒಂಬತ್ತನೆಯ ವರ್ಣತಂತುವಿನಲ್ಲಿ 'ಎಜಿಪಿಎಟಿ2' ಎಂಬ ಇನ್ನೊಂದನ್ನು ಹೆಸರಿಸಿತು. ಅದು ಕೊಬ್ಬನ್ನು ತಯಾರಿಸುವ ಕಿಣ್ವದ್ದು. 2008, 2009ರಲ್ಲಿ ಇನ್ನೆರಡು ಬಗೆಗಳು ಸೇರಿದವು. ಮೂಳೆಯ ಕಡೆಯಿಂದ ನೋಡಿದರೆ ಇವು ನಾಲ್ಕೂ ಒಂದೇ ಅಲ್ಲ. ಗುಳಿಗಳು ಹೆಚ್ಚಾಗಿ ಬೀಳುವುದು ಎಜಿಪಿಎಟಿ2 ಬಗೆಯಲ್ಲಿ. ಅಲ್ಲಿಗೆ ಬ್ರುನ್‌ಜೆಲ್‌ನ ಪ್ರತ್ಯೇಕ ಕಾಯಿಲೆ ಮತ್ತೆ ಮೂಲ ಮನೆಗೇ ಬಂದು ಸೇರಿತು. ಆದರೆ ಅದೇ ಬಗೆಯಲ್ಲಿ ಅಂಗಾಲು, ಅಂಗೈ, ಕೀಲುಗಳ ಸುತ್ತ ಮೆತ್ತೆಯಂತಿರುವ ಕೊಬ್ಬು ಉಳಿದಿರುತ್ತದೆ. ಸೈಪಿನ್ ಬಗೆಯಲ್ಲಿ ಆ ಮೆತ್ತೆಯೂ ಇಲ್ಲ. ಕೊನೆಯ ಎರಡು ಬಗೆಗಳಲ್ಲಿ ಮಜ್ಜೆಯ ಕೊಬ್ಬು ಉಳಿದಿರುತ್ತದೆ. ನಾಲ್ಕನೆಯ ಬಗೆಯಲ್ಲಿ ಕುತ್ತಿಗೆಯ ಮೇಲಿನ ಎರಡು ಎಲುಬುಗಳ ಜೋಡಣೆ ಸಡಿಲವಾಗಿರಬಹುದು, ಹೃದಯದ ಬಡಿತ ತಪ್ಪಿ ಹಠಾತ್ ಸಾವೂ ಬರಬಹುದು. 2010ರಲ್ಲಿ ಈ ನಾಲ್ಕನೆಯ ಬಗೆಯ ಹೃದಯದ ಅಪಾಯವನ್ನು ವಿವರವಾಗಿ ಬರೆದ ತಂಡದ ಮುಂದಾಳು ಒಮಾನ್ ದೇಶದ ಕುಟುಂಬಗಳಲ್ಲಿ ಕೆಲಸ ಮಾಡಿದ ಅನ್ನಾ ರಜಬ್. 2002ರಲ್ಲೇ ಅವರು ಒಮಾನ್‌ನ 17 ರೋಗಿಗಳ ಬಗ್ಗೆ ಬರೆದಿದ್ದರು.

ನಾರ್ವೆ, ಲೆಬನಾನ್, ಬ್ರೆಜಿಲ್, ಒಮಾನ್. ಈ ನಕ್ಷೆ ಏನು ಹೇಳುತ್ತದೆ? ನಾರ್ವೆಯ ರೋಗಿಗಳಲ್ಲಿ ಹಲವರು ನೈಋತ್ಯ ಕರಾವಳಿಯ ರೋಗಲ್ಯಾಂಡ್ ಪ್ರಾಂತ್ಯದವರು, ಲೂಥರನ್ ಕ್ರೈಸ್ತರ ನಾಡು. ಬ್ರೆಜಿಲ್‌ನವರು ಈಶಾನ್ಯದ ರಿಯೋ ಗ್ರಾಂಡೆ ಡೋ ನಾರ್ಟೆ ರಾಜ್ಯದ ಸೆರಿಡೋ ಎಂಬ ಬೆಂಗಾಡಿನವರು, ಕ್ಯಾಥೋಲಿಕರು. ಲೆಬನಾನಿನಲ್ಲಿ ಕೆಲವು ಕುಟುಂಬಗಳು, ಒಮಾನ್‌ನಲ್ಲಿ ಮುಸ್ಲಿಂ ಬುಡಕಟ್ಟುಗಳು. ಧರ್ಮ ಬೇರೆ, ಭಾಷೆ ಬೇರೆ. ಸಮಾನವಾದದ್ದು ಕೆಲವೇ ಮನೆತನಗಳ ನಡುವೆ ತಲೆಮಾರುಗಟ್ಟಲೆ ನಡೆದ ಕೊಡುಕೊಳ್ಳುವಿಕೆ. ತಂದೆ ತಾಯಿ ಇಬ್ಬರಲ್ಲೂ ದೋಷವಿರುವ ವಂಶವಾಹಿ ಒಂದೊಂದು ಇದ್ದರೆ ಅವರಿಬ್ಬರಿಗೂ ಏನೂ ಆಗುವುದಿಲ್ಲ. ಎರಡೂ ಸೇರಿದ ಮಗುವಿಗೆ ಮಾತ್ರ ಕಾಯಿಲೆ, ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆ. ಇಂಥ ವಿರಳ ದೋಷವನ್ನು ಹೊತ್ತ ಇಬ್ಬರು ಅಪರಿಚಿತರು ಸಂಧಿಸುವುದು ಬಲು ಅಪರೂಪ. ಒಂದೇ ಅಜ್ಜನ ಮೊಮ್ಮಕ್ಕಳಾದರೆ ಅಷ್ಟು ಅಪರೂಪವಲ್ಲ.

ಇಲ್ಲಿ ಮಾತು ನಮ್ಮ ಅಂಗಳಕ್ಕೆ ಬರುತ್ತದೆ. ಭಾರತದಿಂದಲೂ ಈ ಕಾಯಿಲೆಯ ವರದಿಗಳಿವೆ. ಕರ್ನಾಟಕದಲ್ಲಿ 1980ರ ದಶಕದಲ್ಲಿ ಬೆಂಗಳೂರು, ಮೈಸೂರುಗಳಲ್ಲಿ ನವಜಾತ ಶಿಶುಗಳ ತಪಾಸಣೆಯ ಜೊತೆಗೆ ನಡೆದ ಅಧ್ಯಯನದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್ ಮತ್ತು ಅಲನ್ ಬಿಟಲ್ಸ್ ಮೊದಲಾದವರು ಸುಮಾರು ಮೂರನೇ ಒಂದು ಭಾಗ ಮದುವೆಗಳು ರಕ್ತಸಂಬಂಧದೊಳಗೆ ಆದವು ಎಂದು ಕಂಡುಕೊಂಡರು. ಹಿಂದೂಗಳಲ್ಲಿ ಸೋದರಮಾವನಿಗೆ ಅಕ್ಕನ ಮಗಳನ್ನು ಕೊಡುವ ರೂಢಿ ಪ್ರಬಲವಾಗಿತ್ತು. ಮುಸ್ಲಿಮರಿಗೆ ಅದು ಹರಾಮ್, ಆದರೆ ಚಾಚಾ, ಮಾಮು, ಫೂಫಿ, ಖಾಲಾರ ಮಕ್ಕಳ ನಡುವಿನ ನಿಕಾಹ್ ಉಂಟು. ಹೊರಗಿನವರ ಬಾಯಲ್ಲಿ ಇದು ಮುಸ್ಲಿಮರ ಪಿಡುಗು ಎಂಬಂತೆ ಕೇಳಿಬರುವಾಗ ಈ ಅಂಕಿ ನೆನಪಿರಬೇಕು. ಹಾಗೆಯೇ ನಮ್ಮವರು ಇದನ್ನು ದೀನಿನ ಭಾಗವೆಂಬಂತೆ ಹಿಡಿದುಕೊಂಡಾಗಲೂ ಒಂದು ಮಾತು ನೆನಪಿಸಬೇಕು. ಅನುಮತಿ ಇರುವುದು ಬೇರೆ, ಅಪ್ಪಣೆ ಇರುವುದು ಬೇರೆ. 1111ರಲ್ಲಿ ತೀರಿಕೊಂಡ ಇಮಾಮ್ ಗಜಾಲಿಯವರು 'ಇಹ್ಯಾ ಉಲೂಮುದ್ದೀನ್' ಗ್ರಂಥದಲ್ಲಿ ವಧುವಿನಲ್ಲಿ ಬಯಸಬೇಕಾದ ಗುಣಗಳನ್ನು ಎಣಿಸುವಾಗ ಹತ್ತಿರದ ರಕ್ತಸಂಬಂಧಿಯಾಗಿರಬಾರದು ಎಂಬುದನ್ನೂ ಸೇರಿಸಿದ್ದಾರೆ. ಅದಕ್ಕೆ ಅವರು ಕೊಟ್ಟ ಹದೀಸಿಗೆ ಬುಡವಿಲ್ಲ ಎಂದು ನಂತರದ ವಿದ್ವಾಂಸರು ತೋರಿಸಿದ್ದಾರೆ, ಅದನ್ನು ಮುಚ್ಚಿಡುವುದು ಬೇಡ. ಆದರೆ ಒಂಬೈನೂರು ವರ್ಷಗಳ ಹಿಂದೆ ಅಂಥ ಮಾತು ಆಡಬಹುದಾಗಿತ್ತು, ಆಡಿದವರು ಸಣ್ಣವರಲ್ಲ ಎಂಬುದಂತೂ ಉಳಿಯುತ್ತದೆ. ಇರಾನ್ 1997ರಲ್ಲಿ ಮದುವೆಗೆ ಮುನ್ನ ಥಲಸ್ಸೀಮಿಯಾ ರಕ್ತಪರೀಕ್ಷೆಯನ್ನು ದೇಶವ್ಯಾಪಿ ಮಾಡಿತು. ಅಲ್ಲಿ ಉಲೇಮಾಗಳು ಅಡ್ಡ ಬರಲಿಲ್ಲ. ಬೆರಾರ್ಡಿನೆಲ್ಲಿ-ಸೈಪ್‌ನಂಥ ವಿರಳ ಕಾಯಿಲೆಗೆ ಎಲ್ಲರನ್ನೂ ಪರೀಕ್ಷಿಸುವುದು ಆಗುವ ಮಾತಲ್ಲ. ಒಂದು ಮಗುವಿಗೆ ಇದೆಯೆಂದು ಗೊತ್ತಾದ ಮನೆತನದಲ್ಲಿ ಮುಂದಿನ ಸಂಬಂಧ ಕುದುರಿಸುವ ಮುನ್ನ ಪರೀಕ್ಷೆ ಸಾಧ್ಯ. ನನಗೆ ಗೊತ್ತಿರುವಂತೆ ನಮ್ಮಲ್ಲಿ ಆಗುವುದು ತಿರುಗುಮುರುಗು. ಮಗುವಿನ ಕಾಯಿಲೆಯನ್ನು ಮುಚ್ಚಿಟ್ಟು, ಮೊದಲು ಉಳಿದ ಮಕ್ಕಳ ಮದುವೆ ಮುಗಿಸಿಬಿಡುತ್ತಾರೆ, ಅದೂ ಹೊರಗಿನವರು ಪ್ರಶ್ನೆ ಕೇಳುತ್ತಾರೆಂದು ಒಳಗಿನವರಿಗೇ.

ಔಷಧದ ವಿಷಯ ಚಿಕ್ಕದು. 2002ರಲ್ಲಿ ಟರ್ಕಿ ಮೂಲದ ವೈದ್ಯೆ ಎಲಿಫ್ ಓರಲ್ ಮತ್ತು ಸಹೋದ್ಯೋಗಿಗಳು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಒಂಬತ್ತು ಮಂದಿ ಹೆಣ್ಣುಮಕ್ಕಳಿಗೆ ಲೆಪ್ಟಿನ್ ಚುಚ್ಚುಮದ್ದು ಕೊಟ್ಟು ನೋಡಿದರು. ಸಕ್ಕರೆ ಇಳಿಯಿತು, ರಕ್ತದ ಕೊಬ್ಬು ಇಳಿಯಿತು, ಯಕೃತ್ತು ಕುಗ್ಗಿತು, ಹಸಿವು ತಣಿಯಿತು. ಮೆಟ್ರೆಲೆಪ್ಟಿನ್ ಎಂಬ ಹೆಸರಿನ ಆ ಔಷಧಿಗೆ ಜಪಾನಿನಲ್ಲಿ 2013ರಲ್ಲಿ, ಅಮೆರಿಕದಲ್ಲಿ 2014ರಲ್ಲಿ, ಯುರೋಪಿನಲ್ಲಿ 2018ರಲ್ಲಿ ಮಂಜೂರಾತಿ ಸಿಕ್ಕಿತು. ಅಮೆರಿಕದಲ್ಲಿ ಅದಕ್ಕೆ ವರ್ಷಕ್ಕೆ ಲಕ್ಷಗಟ್ಟಲೆ ಡಾಲರ್ ಬೀಳುತ್ತದೆ. ಬ್ರೆಜಿಲ್‌ನ ಆ ಬೆಂಗಾಡಿನಲ್ಲಿ ಹೆತ್ತವರೂ ರೋಗಿಗಳೂ ಸೇರಿ 1990ರ ದಶಕದ ಕೊನೆಯಲ್ಲಿ ಸಂಘ ಕಟ್ಟಿಕೊಂಡರು. ಅಲ್ಲಿನ ವೈದ್ಯರು 2018ರಲ್ಲಿ ಸಾವಿನ ಲೆಕ್ಕ ಪ್ರಕಟಿಸಿದಾಗ ತೀರಿಕೊಂಡವರ ಸರಾಸರಿ ವಯಸ್ಸು ಸುಮಾರು 27. ಮುಖ್ಯ ಕಾರಣಗಳು ಯಕೃತ್ತಿನ ಕಾಯಿಲೆ ಮತ್ತು ಸೋಂಕು, ಮೂಳೆಯಲ್ಲ. ಮೂಳೆಯ ಗುಳಿಗಳಿಗೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆ ಬೇಕಾಗುವುದಿಲ್ಲ. ಕಾಯಿಲೆಯ ಹೆಸರು ಗೊತ್ತಿದ್ದರೆ ಕ್ಯಾನ್ಸರಿನ ಭಯದಿಂದ ಮೂಳೆ ಕೊರೆದು ಪರೀಕ್ಷಿಸುವುದೂ ತಪ್ಪುತ್ತದೆ. ಆಗಾಗ ಎಕ್ಸ್‌ರೇ ತೆಗೆದು ನೋಡುತ್ತಿರುವುದು, ದೊಡ್ಡ ಗುಳಿಯಿರುವ ಮೂಳೆಗೆ ಪೆಟ್ಟು ಬೀಳುವ ಆಟಗಳಿಂದ ಮಗುವನ್ನು ದೂರವಿಡುವುದು, ಜಿಡ್ಡು ಕಡಿಮೆಯಿರುವ ಊಟವನ್ನು ಅಳತೆ ಮಾಡಿ ಕೊಡುವುದು, ಇಷ್ಟು ಮನೆಯಲ್ಲೇ ಆಗುತ್ತದೆ. ಇನ್ನಷ್ಟು ಬೇಕೆಂದು ಅಳುವ ಮಗುವಿನ ಮುಂದಿನಿಂದ ತಟ್ಟೆ ಎತ್ತುವ ಕೆಲಸವೂ ಅದರಲ್ಲಿ ಸೇರಿದೆ, ನೆರೆಯವರು ನೋಡುತ್ತಿರುವಾಗಲೂ.